ಸರಾಗವಾಗಿ ಓದುತ್ತಾಳೆ, ಕೇಳಿದರೆ ಹೇಳಳು

ಪ್ರಶ್ನೆ: ನನ್ನ ಮಗಳಿಗೆ ಏಳು ವರ್ಷ. ಪುಟವಿಡೀ ತಪ್ಪಿಲ್ಲದೆ ಗಟ್ಟಿಯಾಗಿ ಓದುತ್ತಾಳೆ. ಪುಸ್ತಕ ಮುಚ್ಚಿ ‘ಏನಿತ್ತು ಕಥೆ?’ ಅಂದರೆ ಮಾತೇ ಇಲ್ಲ. ಗಮನ ಸಾಲದೇ?

ಉತ್ತರ: ಗಮನದ ಮೇಲೆ ದೂರು ಹಾಕುವ ಮೊದಲು ಇಷ್ಟು ಮಾಡಿ. ಅವಳು ಹಿಂದೆ ಓದಿರದ, ಹತ್ತು–ಹನ್ನೆರಡು ವಾಕ್ಯದ ಎರಡು ಕಥೆ ಆರಿಸಿ. ಎರಡೂ ಒಂದೇ ಮಟ್ಟದವಿರಲಿ. ಒಂದನ್ನು ಅವಳೇ ಓದಲಿ, ಇನ್ನೊಂದನ್ನು ನೀವು ಓದಿ ಹೇಳಿ. ಎರಡರ ನಂತರವೂ ‘ಏನೇನಾಯ್ತು ಹೇಳು’ ಎಂದಷ್ಟೇ ಕೇಳಿ.

ಕೇಳಿಸಿಕೊಂಡ ಕಥೆಯನ್ನು ಚೆನ್ನಾಗಿ ಹೇಳಿ, ತಾನೇ ಓದಿದ್ದರಲ್ಲಿ ತಡವರಿಸಿದರೆ ಅವಳ ಶಕ್ತಿಯೆಲ್ಲ ಅಕ್ಷರ ಬಿಡಿಸುವುದರಲ್ಲೇ ಖರ್ಚಾಗುತ್ತಿದೆ. ತಪ್ಪಿಲ್ಲದೆ ಓದಿದ ಮಾತ್ರಕ್ಕೆ ಸಲೀಸಾಗಿ ಓದಿದಂತಲ್ಲ. ಎರಡರಲ್ಲೂ ತಡವರಿಸಿದರೆ ಕೊರತೆ ಇರುವುದು ಭಾಷೆಯಲ್ಲಿ, ಅಂದರೆ ಪದಗಳಲ್ಲಿ, ಉದ್ದ ವಾಕ್ಯಗಳಲ್ಲಿ, ವಿಷಯದ ಪರಿಚಯದಲ್ಲಿ. ಓದಿನ ಬಗ್ಗೆ ಸಂಶೋಧನೆ ಮಾಡಿದ ಫಿಲಿಪ್ ಗಫ್ ಮತ್ತು ವಿಲಿಯಂ ಟನ್‌ಮರ್ 1986ರಲ್ಲಿ ಇದನ್ನೇ ಗುಣಾಕಾರವಾಗಿ ಬರೆದಿಟ್ಟರು: ಓದಿ ಅರ್ಥ ಮಾಡಿಕೊಳ್ಳುವುದು ಎಂದರೆ ಅಕ್ಷರ ಬಿಡಿಸುವ ಸಾಮರ್ಥ್ಯ ಗುಣಿಸು ಭಾಷೆಯ ತಿಳಿವಳಿಕೆ. ಕೂಡುವ ಲೆಕ್ಕವಲ್ಲ ಎಂಬುದನ್ನು ಗಮನಿಸಿ. ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಉತ್ತರ ಸೊನ್ನೆಯೇ.

ಮೊದಲನೆಯ ತೊಡಕಿಗೆ ಮದ್ದು, ಒಂದೇ ಭಾಗವನ್ನು ಮೂರು–ನಾಲ್ಕು ಸಲ ಓದಿಸುವುದು. ಒಂದೇ ದಿನ ಅಲ್ಲ, ಎರಡು ದಿನಕ್ಕೆ ಹಂಚಿ. ವಾಕ್ಯವನ್ನು ಪೆನ್ಸಿಲಿನಿಂದ ಅರ್ಥದ ತುಂಡುಗಳಾಗಿ ಗೀಟು ಹಾಕಿ ಕೊಡಿ: ‘ಹಳೆಯ ಮರದ ಕೆಳಗೆ / ಮಲಗಿದ್ದ ನಾಯಿ / ಕಿವಿ ನಿಮಿರಿಸಿತು.’ ಒತ್ತಕ್ಷರ ಎಡವಿದರೆ ವಾಕ್ಯ ಮುಗಿಯುವವರೆಗೆ ತಡೆಯಿರಿ. ನಡುವೆ ಬಾಯಿ ಹಾಕಿದರೆ ಅದುವರೆಗೆ ಹಿಡಿದಿಟ್ಟುಕೊಂಡಿದ್ದೂ ಕೈ ತಪ್ಪುತ್ತದೆ. ಎರಡನೆಯ ತೊಡಕಿಗೆ, ಅವಳು ತಾನೇ ಓದಬಲ್ಲದ್ದಕ್ಕಿಂತ ಒಂದು ಮೆಟ್ಟಿಲು ಮೇಲಿನ ಪುಸ್ತಕವನ್ನು ದಿನಾ ಹತ್ತು–ಹದಿನೈದು ನಿಮಿಷ ನೀವು ಓದಿ ಹೇಳಬೇಕು. ಓದಲು ಬಂತು ಅಂದಕೂಡಲೇ ಓದಿ ಹೇಳುವುದನ್ನು ನಿಲ್ಲಿಸುವ ಮನೆಗಳೇ ಹೆಚ್ಚು. ನಮ್ಮ ಪ್ರಕಾರ ಅಲ್ಲೇ ನಷ್ಟ ಶುರುವಾಗುವುದು.

ಪ್ರಶ್ನೆ: ಪಾಠದ ಕೊನೆಯ ಪ್ರಶ್ನೆಗಳಿಗೆಲ್ಲ ಮಗ ಸರಿಯಾಗಿ ಉತ್ತರ ಬರೆಯುತ್ತಾನೆ. ಹೊಸ ಗದ್ಯಭಾಗ ಕೊಟ್ಟರೆ ಸೋಲುತ್ತಾನೆ. ಯಾಕೆ?

ಉತ್ತರ: ಈ ವಾಕ್ಯ ಓದಿ: ‘ಡುಂಬಿಲ ಸೊರಟೆಯನ್ನು ಗಿಮುಕಿತು.’ ಈಗ ಹೇಳಿ, ಡುಂಬಿಲ ಯಾವುದನ್ನು ಗಿಮುಕಿತು? ಸೊರಟೆಯನ್ನು! ಹತ್ತಕ್ಕೆ ಹತ್ತು ಅಂಕ, ಅರ್ಥ ಮಾತ್ರ ಸೊನ್ನೆ. ಪ್ರಶ್ನೆಯಲ್ಲಿರುವ ಪದವನ್ನೇ ಪಾಠದಲ್ಲಿ ಹುಡುಕಿ ಪಕ್ಕದ್ದನ್ನು ನಕಲು ಮಾಡುವ ಚಾಲಾಕಿತನವನ್ನು ಮಕ್ಕಳು ಬೇಗ ಕಲಿಯುತ್ತಾರೆ.

ಹಾಗಾಗಿ ಉತ್ತರ ಪುಟದಲ್ಲಿ ಅಕ್ಷರಶಃ ಸಿಗದಂಥ ಪ್ರಶ್ನೆ ಕೇಳಿ. ‘ರವಿ ಕಿಟಕಿಯಾಚೆ ನೋಡಿದ. ಮರಳಿ ಒಳಗೆ ಹೋಗಿ ಕೊಡೆ ತಂದ.’ ಯಾಕೆ ತಂದ? ಮಳೆ ಎಂಬ ಪದ ಎಲ್ಲೂ ಇಲ್ಲ. ಮಗು ಉತ್ತರ ಹೇಳಿದ ಮೇಲೆ, ಸರಿಯೋ ತಪ್ಪೋ, ‘ಯಾವ ಮಾತಿನಿಂದ ಗೊತ್ತಾಯ್ತು? ಬೆರಳಿಟ್ಟು ತೋರಿಸು’ ಅನ್ನಿ. ಊಹೆಗೂ ಆಧಾರಕ್ಕೂ ಇರುವ ವ್ಯತ್ಯಾಸ ಆ ಬೆರಳಿನಲ್ಲಿ ಕಾಣುತ್ತದೆ.

ಕನ್ನಡದಲ್ಲಿ ಇನ್ನೊಂದು ಜಾಗ ಜಾರುತ್ತದೆ. ಯಾರು ಮಾಡಿದರು ಎಂದು ನಾವು ಪ್ರತಿ ವಾಕ್ಯದಲ್ಲೂ ಹೇಳುವುದಿಲ್ಲ. ‘ಸುಧಾ ತಂಗಿಯತ್ತ ಚೆಂಡು ಎಸೆದಳು. ಹಿಡಿಯಲಾಗದೆ ಅತ್ತಳು.’ ಅತ್ತವರು ಯಾರು? ಇಬ್ಬರೂ ಹುಡುಗಿಯರಾದ್ದರಿಂದ ‘ಅತ್ತಳು’ ಎಂಬ ಕ್ರಿಯಾಪದದಿಂದ ಗೊತ್ತಾಗದು; ‘ಹಿಡಿಯಲಾಗದೆ’ ಎಂಬುದರಿಂದಲೇ ಹಿಡಿಯಬೇಕು. ಅನೇಕ ಮಕ್ಕಳು ಸುಧಾ ಎಂದೇ ಹೇಳುತ್ತಾರೆ, ಹೆಸರು ಕಂಡದ್ದು ಅವಳದ್ದೊಂದೇ ನೋಡಿ. ಇಂಥ ಕಡೆ ನಿಂತು ‘ಯಾರು?’ ಅಂತ ಕೇಳುವ ಅಭ್ಯಾಸ ಮಾಡಿಸಿ. ಒಂದು ಕಥೆಗೆ ಮೂರು ಪ್ರಶ್ನೆ ಸಾಕು. ಅದಕ್ಕಿಂತ ಹೆಚ್ಚಾದರೆ ಪುಸ್ತಕ ಕಂಡರೆ ಓಡುತ್ತಾನೆ.

ಪ್ರಶ್ನೆ: ‘ಅರ್ಥ ಆಯ್ತಾ?’ ಅಂದರೆ ಯಾವಾಗಲೂ ‘ಹೂಂ’. ಆಗಿರುವುದಿಲ್ಲ. ಸುಳ್ಳು ಹೇಳುತ್ತಾನೆಯೇ?

ಉತ್ತರ: ಇಲ್ಲ. ತನಗೆ ಅರ್ಥವಾಗಿಲ್ಲ ಎಂಬುದೇ ಅವನಿಗೆ ಗೊತ್ತಿಲ್ಲ. ಮನೋವಿಜ್ಞಾನಿ ಎಲೆನ್ ಮಾರ್ಕ್‌ಮನ್ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಕ್ಕೊಂದು ತಾಳೆಯಾಗದ ಮಾತುಗಳಿದ್ದ ಬರಹವನ್ನು ಆರನೇ ತರಗತಿಯ ಮಕ್ಕಳಲ್ಲೂ ಹಲವರು ಸರಿಯಾಗಿದೆ ಎಂದೇ ಒಪ್ಪಿಕೊಂಡರು.

ಆ ಪ್ರಶ್ನೆಯನ್ನೇ ಕೈಬಿಡಿ. ಬದಲಿಗೆ ಐದು ವಾಕ್ಯದ ಚೀಟಿ ಬರೆದು ಒಂದು ಎಡವಟ್ಟು ಸೇರಿಸಿ: ‘ಕೋಣೆಯಲ್ಲಿ ಗವ್ವೆನ್ನುವ ಕತ್ತಲೆ. ದೀಪ ಇರಲಿಲ್ಲ. ಹೊರಗೆ ಗಾಳಿ ಬೀಸುತ್ತಿತ್ತು. ಬೆಕ್ಕು ಮಂಚದ ಕೆಳಗೆ ಮಲಗಿತ್ತು. ಅಜ್ಜ ಮೂಲೆಯಲ್ಲಿ ಕೂತು ಪೇಪರ್ ಓದುತ್ತಿದ್ದರು.’ ‘ಇದರಲ್ಲೊಂದು ತಪ್ಪಿದೆ, ಹಿಡಿ ನೋಡೋಣ’ ಎಂದು ಮುಂಚೆಯೇ ಹೇಳಿಬಿಡಿ. ಮೊದಮೊದಲು ಒಂದಕ್ಕೊಂದು ತಾಳೆಯಾಗದ ವಾಕ್ಯಗಳು ಅಕ್ಕಪಕ್ಕ ಇರಲಿ. ಹಿಡಿಯತೊಡಗಿದ ಮೇಲೆ ನಡುವೆ ಅಂತರ ಹೆಚ್ಚಿಸಿ. ಕೆಲವು ವಾರಗಳಾದ ಮೇಲೆ ತಪ್ಪಿಲ್ಲದ ಚೀಟಿಯನ್ನೂ ಒಮ್ಮೊಮ್ಮೆ ಬೆರೆಸಿ, ಇಲ್ಲವಾದರೆ ಏನಾದರೊಂದನ್ನು ತೋರಿಸಿ ಪಾರಾಗುತ್ತಾನೆ.

ಪ್ರಶ್ನೆ: ಪುಸ್ತಕ ಮಗುವಿನ ಮಟ್ಟದ್ದೇ ಎಂದು ತಿಳಿಯುವುದು ಹೇಗೆ?

ಉತ್ತರ: ನೂರು ಪದ ಎಣಿಸಿ ಗಟ್ಟಿಯಾಗಿ ಓದಿಸಿ. ಐದರೊಳಗೆ ತಪ್ಪಿದರೆ ನೀವು ಪಕ್ಕದಲ್ಲಿದ್ದು ಓದಿಸಲು ಸರಿ. ಒಂದೆರಡೇ ಆದರೆ ಒಬ್ಬಳೇ ಓದಿಕೊಳ್ಳಲಿ. ಹತ್ತು ದಾಟಿದರೆ ಅದನ್ನು ಸದ್ಯಕ್ಕೆ ನೀವೇ ಓದಿ ಹೇಳಿ. ಆದರೆ ಮಗುವಿಗೆ ತೀರಾ ಇಷ್ಟದ ವಿಷಯವಾದರೆ ಈ ಲೆಕ್ಕ ಸಡಿಲ ಬಿಡಿ: ಡೈನೋಸಾರ್ ಹುಚ್ಚು ಹಿಡಿದ ಮಗು ಆ ವಿಷಯದ ಕಷ್ಟದ ಪುಸ್ತಕವನ್ನೂ ಓದಿ ಅರ್ಥ ಮಾಡಿಕೊಳ್ಳಬಲ್ಲದು, ಅರ್ಧ ಪದಗಳು ಅದಕ್ಕೆ ಮೊದಲೇ ಗೊತ್ತಿರುತ್ತವೆ.