ಶಕ್ತಿಯಿದ್ದೂ ಅಂಜುವ ಮಂತ್ರವಾದಿನಿ: ಎರಡನೇ ಕಾದಂಬರಿಯ ಮುಂದೆ ನಿಂತುಬಿಟ್ಟ ಲೇಖಕಿಯ ಪ್ರಕರಣ

ನಾನು ಆಪ್ತಸಲಹೆಗಾರ್ತಿ. ಈ ಪ್ರಕರಣವನ್ನು ಲೇಖಕಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಊರು, ಉದ್ಯೋಗ, ಮನೆಯವರ ವಿವರ, ಕಾದಂಬರಿಯ ಕಥೆ ಎಲ್ಲವನ್ನೂ ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಮೊದಲು ಅವರಿಗೇ ಓದಲು ಕೊಟ್ಟು, ಅವರು ಬೇಡ ಎಂದದ್ದನ್ನು ತೆಗೆದಿದ್ದೇನೆ.

ಅವರಿಗೆ ಮೂವತ್ತರ ಆಸುಪಾಸು. ಹಗಲು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ, ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಬರವಣಿಗೆ. ಮೊದಲ ಕಾದಂಬರಿ ಒಂದು ಫ್ಯಾಂಟಸಿ. ಅಂಬಿಗರ ಮನೆಯ ಹುಡುಗಿಗೆ ನೀರನ್ನು ಆಳುವ ವಿದ್ಯೆ ಒಲಿಯುತ್ತದೆ. ಕೊನೆಯಲ್ಲಿ ಆಕೆ ನೆರೆ ತಡೆದು ಒಂದಿಡೀ ಪಟ್ಟಣವನ್ನು ಉಳಿಸುತ್ತಾಳೆ. ಓದುಗರಿಗೆ ಪುಸ್ತಕ ಹಿಡಿಸಿತು, ಮರುಮುದ್ರಣ ಆಯಿತು, ಪ್ರಕಾಶಕರು ಎರಡನೇ ಭಾಗ ಕೇಳಿದರು. ಇವರು ಖುಷಿಯಿಂದಲೇ ಒಪ್ಪಿಕೊಂಡರು. ವರ್ಷ ಕಳೆದರೂ ಕೈಯಲ್ಲಿದ್ದದ್ದು ಮೊದಲ ಅಧ್ಯಾಯ ಮಾತ್ರ. ಅದನ್ನೇ ತಿದ್ದುವುದು, ಅಳಿಸುವುದು, ಮತ್ತೆ ಬರೆಯುವುದು. ನನ್ನ ಬಳಿ ಬರುವ ಹೊತ್ತಿಗೆ ಒಪ್ಪಂದ ವಾಪಸ್ ಕೊಟ್ಟುಬಿಡುವ ಪತ್ರವನ್ನೂ ಬರೆದಿಟ್ಟಿದ್ದರು.

"ಮೇಡಂ, ಮೊದಲನೇದು ಹೇಗೋ ಬಂದುಬಿಡ್ತು. ಸಂಪಾದಕರು ಒಳ್ಳೆಯವರು ಸಿಕ್ಕಿದ್ರು, ಮುಖಪುಟ ಚೆನ್ನಾಗಿತ್ತು, ಟೈಮ್ ಕೂಡಿಬಂತು. ಎರಡನೇದರಲ್ಲಿ ನನ್ನ ಬಂಡವಾಳ ಬಯಲಾಗುತ್ತೆ" ಅಂದರು.

ಇನ್ನೊಂದು ಚಿಂತೆಯೂ ಇತ್ತು. ಎರಡನೇ ಭಾಗದಲ್ಲಿ ಆ ಮಂತ್ರವಾದಿನಿಯೂ ಅಂಜುಬುರುಕಿಯಾಗಿಬಿಟ್ಟಿದ್ದಳು. ಪಟ್ಟಣ ಉಳಿಸಿದವಳು ಒಂದು ಕೆರೆಯ ತೂಬು ತೆಗೆಯುವುದಕ್ಕೂ ಹಿಂದೆ ಮುಂದೆ ನೋಡುತ್ತಾಳೆ. ಕರಡು ಓದಿದ ಗೆಳತಿಯೊಬ್ಬರು, "ಇಷ್ಟೊಂದು ಶಕ್ತಿ ಇರೋಳು ಯಾಕೆ ಇಷ್ಟು ಅಳುಮುಂಜಿ?" ಅಂದರಂತೆ. ಆ ಮಾತು ಮಂತ್ರವಾದಿನಿಗೆ ತಾಗಲಿಲ್ಲ, ಇವರಿಗೇ ತಾಗಿತು.

ಮೊದಲ ಭೇಟಿಯಲ್ಲಿ ನಾನು ಕಾದಂಬರಿಯ ವಿಷಯಕ್ಕೆ ಹೆಚ್ಚು ಹೋಗಲಿಲ್ಲ. ನಿದ್ದೆ, ಊಟ, ಕೆಲಸದಲ್ಲಿ ಗಮನ, ಬದುಕೇ ಬೇಡ ಅನ್ನಿಸುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ. ಖಿನ್ನತೆ ಅಳೆಯಲು ಬಳಸುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ತುಂಬಿಸಿದೆ. ಅಂಕ ಸೌಮ್ಯ ಮಟ್ಟದಲ್ಲೇ ಇತ್ತು. ಹೆಚ್ಚಿದ್ದಿದ್ದರೆ ಮೊದಲು ಮನೋವೈದ್ಯರ ಬಳಿ ಕಳಿಸುತ್ತಿದ್ದೆ. ಬರವಣಿಗೆಯ ಮಾತು ಆಮೇಲೆ. ಇದನ್ನು ಓದುವ ಯಾರಿಗಾದರೂ ವಾರಗಟ್ಟಲೆ ಮನಸ್ಸು ಕುಸಿದೇ ಇದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ, 14416ಕ್ಕೆ ಕರೆ ಮಾಡಿ. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಹಗಲು ರಾತ್ರಿ ಸಿಗುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಎರಡನೇ ಭೇಟಿಯಲ್ಲಿ ಮನೆಯ ಕಥೆ ಬಂತು. ಇಬ್ಬರು ಹೆಣ್ಣುಮಕ್ಕಳು. ಅಕ್ಕ ಜಾಣೆ, ತಂಗಿ ಪಾಪದವಳು. ಮನೆಯಲ್ಲಿ ಇದು ಎಂದೋ ತೀರ್ಮಾನವಾಗಿಹೋಗಿತ್ತು. ತಂಗಿಗೆ ಹತ್ತನೇ ತರಗತಿಯಲ್ಲಿ ಅಕ್ಕನಿಗಿಂತ ಜಾಸ್ತಿ ಅಂಕ ಬಂದಾಗ ಅಪ್ಪ, "ಈ ಸಲ ಪೇಪರ್ ಸುಲಭ ಇತ್ತಂತೆ" ಅಂದರು. ಬೈದದ್ದಲ್ಲ, ನಗುತ್ತಲೇ ಹೇಳಿದ್ದು. ಅಕ್ಕನ ಮುಖ ಸಣ್ಣದಾಗದಿರಲಿ ಅಂತ ಹೇಳಿರಲೂಬಹುದು. ಆದರೆ ಆವತ್ತಿನಿಂದ ಇವರಿಗೆ ಏನೇ ಒಳ್ಳೆಯದು ಆದರೂ ಅದಕ್ಕೊಂದು "ಪೇಪರ್ ಸುಲಭ ಇತ್ತು" ಹುಡುಕುವುದು ರೂಢಿಯಾಯಿತು.

ಅಮೆರಿಕದ ಅಟ್ಲಾಂಟಾದಲ್ಲಿದ್ದ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು 1978ರಲ್ಲಿ ಇಂಥ ಅನುಭವದ ಬಗ್ಗೆ ಬರೆದರು. ಓದಿನಲ್ಲಿ, ಕೆಲಸದಲ್ಲಿ ಚೆನ್ನಾಗಿ ಮುಂದೆ ಬಂದ 150ಕ್ಕೂ ಹೆಚ್ಚು ಮಹಿಳೆಯರೊಂದಿಗೆ ಕೆಲಸ ಮಾಡಿ ಕಂಡುಕೊಂಡದ್ದು ಅದು. ಡಿಗ್ರಿ ಇದೆ, ಹೆಸರಿದೆ, ಆದರೂ ಒಳಗೊಳಗೆ "ನಾನು ಎಲ್ಲರನ್ನೂ ನಂಬಿಸಿ ಮೋಸ ಮಾಡುತ್ತಿದ್ದೇನೆ" ಎಂಬ ಭಯ. ಅವರು ಇದನ್ನು ಇಂಪೋಸ್ಟರ್ ಫಿನಾಮಿನನ್ ಎಂದು ಕರೆದರು. ಒಡಹುಟ್ಟಿದ ಇನ್ನೊಬ್ಬರಿಗೆ ಬುದ್ಧಿವಂತಿಕೆಯ ಪಟ್ಟ ಹೋಗಿರುವ ಮನೆಯನ್ನೂ ಅವರು ವಿವರಿಸಿದ್ದರು. ಅದನ್ನು ಕೇಳಿ ಇವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಿದ್ರೆ ಇದು ಕಾಯಿಲೆನಾ ಮೇಡಂ?" ಅಂತ ಕೇಳಿದರು. ಅಲ್ಲ. ವೈದ್ಯರ ಕಾಯಿಲೆಗಳ ಪಟ್ಟಿಯಲ್ಲಿ ಇದಿಲ್ಲ. ಗಂಡಸರಲ್ಲೂ ಇದೆ ಎಂದು ಮುಂದಿನ ಸಂಶೋಧನೆಗಳು ತೋರಿಸಿದವು.

ನನಗೆ ಈ ಪ್ರಕರಣದಲ್ಲಿ ಮುಖ್ಯ ಅನ್ನಿಸಿದ್ದು ಕ್ಲಾನ್ಸ್ ಆಮೇಲೆ ವಿವರಿಸಿದ ಒಂದು ಸುತ್ತು. ಹೊಸ ಕೆಲಸ ಬರುತ್ತದೆ. ಭಯ ಶುರುವಾಗುತ್ತದೆ. ಆ ಭಯಕ್ಕೆ ಒಂದೋ ಬೇಕಾದ್ದಕ್ಕಿಂತ ಹತ್ತು ಪಟ್ಟು ತಯಾರಿ, ಇಲ್ಲವೇ ಕೊನೇ ಗಳಿಗೆಯವರೆಗೆ ಮುಂದೂಡಿಕೆ. ಕೆಲಸ ಹೇಗೋ ಗೆಲ್ಲುತ್ತದೆ. ಒಂದೆರಡು ದಿನ ನಿರಾಳ. ಆಮೇಲೆ ಮನಸ್ಸು ಲೆಕ್ಕ ಹಾಕುತ್ತದೆ: ತಯಾರಿ ಮಾಡಿದ್ದರೆ "ಅಷ್ಟು ಒದ್ದಾಡಿದ್ದಕ್ಕೆ ಬಂತು", ಮುಂದೂಡಿದ್ದರೆ "ಅದೃಷ್ಟ". ಎರಡರಲ್ಲೂ ತನಗೆ ಪಾಲಿಲ್ಲ. ಹಾಗಾಗಿ ಮುಂದಿನ ಕೆಲಸ ಬಂದಾಗ ಭಯ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಈಗ ಬಯಲಾಗುವುದಕ್ಕೆ ಇನ್ನೂ ದೊಡ್ಡ ಹೆಸರಿದೆ.

ಈ ಸುತ್ತನ್ನು ಹಾಳೆಯ ಮೇಲೆ ಬರೆದು ತೋರಿಸಿ, "ನಿಮ್ಮ ಮಂತ್ರವಾದಿನಿ ಎಲ್ಲಿದ್ದಾಳೆ ಹೇಳಿ" ಅಂದೆ. ತಕ್ಷಣ ಬೆರಳಿಟ್ಟರು. ನೆರೆ ತಡೆದಾಯಿತು, ನಿರಾಳವೂ ಮುಗಿಯಿತು, ಈಗ ಮುಂದಿನ ಕೆಲಸ ಬಂದಿದೆ. ಮೊದಲ ಭಾಗ ಗೆಲುವಿಗೆ ನಿಲ್ಲುತ್ತದೆ. ಗೆದ್ದವಳ ಭಯ ಶುರುವಾಗುವುದು ಎರಡನೇ ಭಾಗದಲ್ಲೇ. ಗೆದ್ದ ಮೇಲೆ ಅಂಜಿಕೆ ಹೋಗಿಬಿಡಬೇಕು ಅನ್ನುವ ಓದುಗರ ನಿರೀಕ್ಷೆಗಿಂತ ಈಕೆ ಬರೆಯುತ್ತಿದ್ದದ್ದೇ ನಿಜಕ್ಕೆ ಹತ್ತಿರವಿತ್ತು. ಅದನ್ನು ಅವರಿಗೆ ಸ್ಪಷ್ಟವಾಗಿ ಹೇಳಿದೆ. ಹೊಗಳಲಿಕ್ಕೆ ಹೇಳಿದ್ದಲ್ಲ, ಆಪ್ತಸಲಹೆಗಾರ್ತಿಯಾಗಿ ದಿನಾ ನೋಡುವುದನ್ನು ಹೇಳಿದೆ. ಬಡ್ತಿ ಸಿಕ್ಕ ಮರುವಾರವೇ ನಿದ್ದೆ ಕಳೆದುಕೊಂಡು ಬರುವವರು ಬಹಳ ಜನ.

ಮುಂದಿನ ಭೇಟಿಗೆ ಆ ಅಧ್ಯಾಯದ ಪುಟಗಳನ್ನೇ ತರಲು ಹೇಳಿದೆ. ಒಂದು ಕಡೆ ಹೀಗಿತ್ತು. ಮಂತ್ರವಾದಿನಿ ಯಾವ ಮಂತ್ರ ಹೇಳುವ ಮೊದಲೂ ಅಪ್ಪನ ದೋಣಿಯ ಹಳೇ ಹುಟ್ಟಿನ ಮೇಲಿರುವ ಹಗ್ಗದ ಗಂಟುಗಳನ್ನು ಎಣಿಸುತ್ತಾಳೆ. ಎಣಿಕೆ ತಪ್ಪಿದರೆ ಮೊದಲಿಂದ ಶುರು. ತೂಬಿನ ಹತ್ತಿರ ರೈತರು ಕಾಯುತ್ತಿದ್ದಾರೆ, ಈಕೆ ಸೆರಗಿನ ಮರೆಯಲ್ಲಿ ಗಂಟು ಎಣಿಸುತ್ತಿದ್ದಾಳೆ. ಕೊನೆಗೆ ನೀರು ಹರಿಯುತ್ತದೆ. ಆಕೆ ಒಳಗೇ ಹುಟ್ಟಿಗೆ ನಮಸ್ಕಾರ ಹಾಕುತ್ತಾಳೆ.

"ನೀರು ಹರಿಸಿದ್ದು ಯಾರು?" ಎಂದು ಕೇಳಿದೆ.

"ಅವಳೇ. ಹುಟ್ಟಲ್ಲಿ ಏನೂ ಇಲ್ಲ. ಅದು ಓದುಗರಿಗೂ ಗೊತ್ತು."

"ಅವಳಿಗೆ ಗೊತ್ತಾಗೋದು ಹೇಗೆ?"

"ಎಣಿಸದೆ ಒಂದ್ಸಲ ಮಾಡಿ ನೋಡಿದ್ರೆ..." ಅಂದು ಅಲ್ಲಿಗೇ ನಿಲ್ಲಿಸಿದರು.

ನಾನು ಮುಂದಿನ ಪ್ರಶ್ನೆ ಕೇಳಲೇ ಇಲ್ಲ, ಅವರೇ ತಮ್ಮ ಗಂಟುಗಳ ಪಟ್ಟಿ ಹೇಳಿದರು. ಬರೆಯಲು ಕೂರುವ ಮೊದಲು ಮೊದಲ ಪುಸ್ತಕದ ವಿಮರ್ಶೆಗಳನ್ನೆಲ್ಲ ಒಮ್ಮೆ ಓದುವುದು, ಅದರಲ್ಲೂ ಕೆಟ್ಟದಾಗಿ ಬರೆದ ಒಂದನ್ನು ಕೊನೆಯಲ್ಲಿ ಓದುವುದು. ಬರೆದ ಪ್ರತಿ ಪುಟವನ್ನೂ ನಾಲ್ವರಿಗೆ ಕಳಿಸಿ ನಾಲ್ವರೂ "ಸೂಪರ್" ಅನ್ನುವವರೆಗೆ ಮುಂದಕ್ಕೆ ಹೋಗದಿರುವುದು. ಅಕ್ಕನಿಗೆ ಫೋನ್ ಮಾಡಿ "ಇದು ಸರಿನಾ" ಎಂದು ಕೇಳುವುದು.

ಮನೆಯವರು, ಗೆಳೆಯರು ಇಂಥವರಿಗೆ ಮಾಡುವ ಉಪಚಾರ ಒಂದೇ: ಹೊಗಳಿಕೆ. "ನೀನು ಮಾಡೇ ಮಾಡ್ತೀಯ ಬಿಡು." ಪ್ರೀತಿಯಿಂದ ಹೇಳುವ ಮಾತು, ಆದರೆ ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ, "ಇದು ನನ್ನ ಕೈಲಾಗುತ್ತದೆ" ಎಂಬ ನಂಬಿಕೆ ಎಲ್ಲಿಂದ ಬರುತ್ತದೆ ಎಂದು ನಾಲ್ಕು ಮೂಲಗಳನ್ನು ಹೇಳಿದ. ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡುವುದನ್ನು ಕಂಡದ್ದು, ಬೇರೆಯವರ ಧೈರ್ಯದ ಮಾತು, ಮೈಯಲ್ಲಿ ಆಗುವ ಎದೆಬಡಿತ ನಡುಕಗಳನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತೇವೆ ಅನ್ನುವುದು. ಇವುಗಳಲ್ಲಿ ಮೊದಲನೆಯದಕ್ಕೆ ಬಲ ಹೆಚ್ಚು. ಧೈರ್ಯದ ಮಾತು ಅದಕ್ಕಿಂತ ದುರ್ಬಲ. ಇವರ ತೊಂದರೆ ಏನೆಂದರೆ, ಮಾಡಿ ಗೆದ್ದ ಅನುಭವ ಇದ್ದೂ ಅದು ಇವರ ಖಾತೆಗೆ ಜಮೆ ಆಗುತ್ತಲೇ ಇರಲಿಲ್ಲ. ಎಲ್ಲ ಹುಟ್ಟಿನ ಖಾತೆಗೆ ಹೋಗುತ್ತಿತ್ತು.

ಹಾಗಾಗಿ ನಾನು ಕೊಟ್ಟ ಸಲಹೆಯಲ್ಲಿ "ನಿಮ್ಮಲ್ಲಿ ಪ್ರತಿಭೆ ಇದೆ" ಅನ್ನುವ ಮಾತು ಇರಲಿಲ್ಲ. ಒಂದು ಅಧ್ಯಾಯವನ್ನು ಯಾವ ಗಂಟೂ ಎಣಿಸದೆ ಬರೆಯಿರಿ ಅಂದೆ. ವಿಮರ್ಶೆ ಓದುವಂತಿಲ್ಲ, ನಾಲ್ವರಿಗೆ ಕಳಿಸುವಂತಿಲ್ಲ, ಅಕ್ಕನಿಗೆ ಫೋನ್ ಇಲ್ಲ. ಒಂದೇ ಸಲ ತಿದ್ದಿ ನೇರ ಸಂಪಾದಕರಿಗೆ ಕಳಿಸಬೇಕು. ಕಳಿಸುವ ಮೊದಲು ನೋಟ್‌ಬುಕ್ಕಿನ ಎಡಪುಟದಲ್ಲಿ ಏನಾಗುತ್ತದೆ ಎಂಬ ಭಯವನ್ನು ಬರೆಯಬೇಕು, ಉತ್ತರ ಬಂದ ಮೇಲೆ ಬಲಪುಟದಲ್ಲಿ ಆದದ್ದನ್ನು ಬರೆಯಬೇಕು. ಎಡಪುಟದಲ್ಲಿ ಅವರು ಬರೆದದ್ದು: "ಸಂಪಾದಕರಿಗೆ ನಿರಾಸೆ ಆಗುತ್ತೆ. ಮರ್ಯಾದೆಗೆ ಏನೂ ಹೇಳಲ್ಲ. ಪುಸ್ತಕ ಬೇಡ ಅಂತಾರೆ." ಕಳಿಸಿದ ರಾತ್ರಿ ನಿದ್ದೆ ಬರಲಿಲ್ಲ. ಬಲಪುಟದಲ್ಲಿ ಬಂದದ್ದು: "ನಡುವಿನ ಭಾಗ ಎಳೆದಂತಿದೆ, ಎರಡು ಪುಟ ಕತ್ತರಿಸಿ ಅಂದ್ರು. ತೂಬಿನ ದೃಶ್ಯ ಮುಟ್ಟಬೇಡಿ ಅಂದ್ರು. ಮುಂದಿನದು ಯಾವಾಗ ಅಂತ ಕೇಳಿದ್ರು." ಟೀಕೆಯೂ ಬಂದದ್ದು ಒಳ್ಳೆಯದೇ ಆಯಿತು. ಎರಡು ಪುಟ ಕತ್ತರಿಸಿ ಅನ್ನುವ ಮಾತು ಕೇಳಿಯೂ ಆಕಾಶ ಬೀಳಲಿಲ್ಲ ಅಂತ ಗೊತ್ತಾಗಲು ಅದೇ ಬೇಕಿತ್ತು.

ಅದೇ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಇನ್ನೊಂದು ಬರಹ. ಮೊದಲ ಕಾದಂಬರಿಯಲ್ಲಿ ತಾವು ತೆಗೆದುಕೊಂಡ ತೀರ್ಮಾನಗಳ ಪಟ್ಟಿ. ನಾಯಕಿ ಅಂಬಿಗರ ಮನೆಯವಳಾಗಬೇಕು ಅಂದದ್ದು ಯಾರು? ಗುರುವನ್ನು ಅರ್ಧದಲ್ಲೇ ಸಾಯಿಸಿದ್ದು ಯಾರು? ಕೊನೆಯ ನೆರೆಯನ್ನು ಬೆಳಗಿನಿಂದ ರಾತ್ರಿಗೆ ಬದಲಿಸಿದ್ದು ಯಾರು? ಮುಖಪುಟ ಕಲಾವಿದರದ್ದು, ಕಾಗುಣಿತ ತಿದ್ದಿದ್ದು ಸಂಪಾದಕರು, ಸರಿ. ಉಳಿದದ್ದು? ಹೊಗಳಿಕೆಯನ್ನು ತಳ್ಳಿಹಾಕುವುದು ಇವರಿಗೆ ಸುಲಭ, ತೀರ್ಮಾನಗಳನ್ನು ತಳ್ಳಿಹಾಕುವುದು ಕಷ್ಟ. ಲೆಕ್ಕಪತ್ರದವರು ಅಲ್ವಾ, ಯಾವ ಕೆಲಸ ಯಾರ ಹೆಸರಿಗೆ ಬರೆಯಬೇಕು ಅನ್ನುವುದರಲ್ಲಿ ಬಲು ಶಿಸ್ತು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಎಲ್ಲವೂ ಇವರ ತಲೆಯೊಳಗಿನದೇ ಆಗಿರಲಿಲ್ಲ. ಒಂದು ಸಮಾರಂಭದಲ್ಲಿ ಇವರ ಕಾದಂಬರಿಯನ್ನು "ಮಕ್ಕಳಿಗಾಗಿ ಬರೆದ ಚಂದಮಾಮ ಕಥೆ" ಅಂತ ಪರಿಚಯಿಸಿದ್ದರು. ಇನ್ನೊಬ್ಬರು, "ಯುದ್ಧದ ಭಾಗ ಯಜಮಾನ್ರು ಹೇಳಿಕೊಟ್ರಾ?" ಅಂತ ಕೇಳಿದ್ದರು. ಹೀಗೆ ಕೇಳಿಸಿಕೊಂಡ ಹೆಣ್ಣುಮಗಳಿಗೆ ತನ್ನ ಮೇಲೆ ಅನುಮಾನ ಬಂದರೆ ಅದನ್ನು ಆಕೆಯ ಮನಸ್ಸಿನ ದೋಷ ಅನ್ನುವುದು ಅನ್ಯಾಯ. 2021ರಲ್ಲಿ ರುಚಿಕಾ ತುಳಶ್ಯಾನ್ ಮತ್ತು ಜೋಡಿ ಆನ್ ಬ್ಯೂರಿ ಎಂಬ ಇಬ್ಬರು ಲೇಖಕಿಯರು ಇದೇ ವಾದ ಮುಂದಿಟ್ಟರು: ಹೆಣ್ಣುಮಕ್ಕಳನ್ನು ಸರಿಮಾಡಲು ಹೊರಡುವ ಮೊದಲು ಅವರು ಕೆಲಸ ಮಾಡುವ ಜಾಗವನ್ನು ಸರಿಮಾಡಿ ಎಂದು. ನಾನು ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ಹಾಗಾಗಿ ಒಂದು ಭೇಟಿ ಇಡೀ ಉತ್ತರ ಕೊಡುವ ಅಭ್ಯಾಸಕ್ಕೇ ಹೋಯಿತು. "ಇಲ್ಲ, ಯುದ್ಧವನ್ನೂ ನಾನೇ ಬರೆದೆ. ಯಾವ ಭಾಗ ಇಷ್ಟವಾಯಿತು ನಿಮಗೆ?" ಇಷ್ಟೇ ಉತ್ತರ. ಅದನ್ನು ನಡುಗದ ದನಿಯಲ್ಲಿ ಹೇಳಲು ಅವರಿಗೆ ಸುಮಾರು ಹೊತ್ತು ಬೇಕಾಯಿತು.

ಕ್ಲಾನ್ಸ್ ಮತ್ತು ಐಮ್ಸ್ ಗುಂಪಿನಲ್ಲಿ ಸೇರುವುದಕ್ಕೆ ತುಂಬಾ ಒತ್ತು ಕೊಟ್ಟಿದ್ದರು. ತನ್ನ ಗುಟ್ಟೇ ಎದುರಿಗಿರುವವಳ ಗುಟ್ಟೂ ಹೌದು ಎಂದು ಕಂಡಾಗ ಬಿಗಿ ಸಡಿಲವಾಗುತ್ತದೆ. ಇವರಿಗೂ ಬರೆಯುವ ಹೆಣ್ಣುಮಕ್ಕಳ ಒಂದು ಸಣ್ಣ ಕೂಟ ಸೇರಲು ಹೇಳಿದೆ. ಒಂದೇ ನಿಯಮ: ಅಲ್ಲಿ ಬರೆದದ್ದನ್ನು ಸರಿ ತಪ್ಪು ಹೇಳಿಸಿಕೊಳ್ಳಲು ಕೊಡುವಂತಿಲ್ಲ, ಬರೆಯುವಾಗ ಆಗುವ ಭಯದ ಮಾತು ಮಾತ್ರ.

ಅವರ ಅಮ್ಮನನ್ನೂ ಒಮ್ಮೆ ಕರೆಸಿದ್ದೆ. "ನಾನು ದಿನಾ ಧೈರ್ಯ ಹೇಳ್ತಾನೇ ಇದೀನಿ ಮೇಡಂ" ಅಂದರು. ಧೈರ್ಯ ಹೇಳುವುದನ್ನು ಸ್ವಲ್ಪ ದಿನ ನಿಲ್ಲಿಸಿ, ಕಥೆ ಕೇಳಿ ಅಂದೆ. "ಆ ಕೆರೆ ಊರಲ್ಲಿ ಮುಂದೇನಾಯ್ತೇ?" ಅಂತ ಕೇಳಿದರೆ ಸಾಕು. ಅಕ್ಕನ ಬಗ್ಗೆ ಲೇಖಕಿಯೇ ಒಂದು ತೀರ್ಮಾನಕ್ಕೆ ಬಂದರು: ಇನ್ನು ಮೇಲೆ ಅಕ್ಕನಿಗೆ ಅಚ್ಚಾದ ಪುಸ್ತಕವನ್ನೇ ಕೊಡುವುದು.

ಎರಡನೇ ಭಾಗ ಈಗ ಮುಗಿದು ಸಂಪಾದಕರ ಕೈಯಲ್ಲಿದೆ. ಭಯ ಹೋಗಿದೆಯೇ ಎಂದರೆ ಇಲ್ಲ. ವಿಮರ್ಶೆ ಓದುವ ಚಟ ಆಗಾಗ ಮರಳುತ್ತದೆ, ಪುಟ ಕಳಿಸುವ ಮೊದಲು ಕೈ ಈಗಲೂ ತಣ್ಣಗಾಗುತ್ತದೆ. ಆದರೆ ಕಳಿಸುತ್ತಾರೆ. ಒಪ್ಪಂದ ವಾಪಸ್ ಕೊಡುವ ಪತ್ರದ ಮಾತು ಮತ್ತೆ ಬಂದಿಲ್ಲ. ಮಂತ್ರವಾದಿನಿ ಕೊನೆಗೆ ಪೂರ್ತಿ ಧೈರ್ಯಶಾಲಿ ಆಗಬೇಕೇ ಎಂದು ನನ್ನನ್ನು ಕೇಳಿದ್ದರು. ಅದು ನಿಮ್ಮ ತೀರ್ಮಾನ, ನೋಟ್‌ಬುಕ್ಕಿನ ಹಿಂಬದಿಗೆ ಸೇರಬೇಕಾದದ್ದು ಅಂದೆ.

ಪ್ರಕಾಶಕರು ಮೂರನೇ ಭಾಗದ ಮಾತೆತ್ತಿದ್ದಾರಂತೆ. ಸುತ್ತು ಮತ್ತೆ ಶುರುವಾಗುವುದೇ ಹೊಸ ಕೆಲಸ ಬಂದಾಗ. ಆದ್ದರಿಂದ ಒಪ್ಪಂದಕ್ಕೆ ಸಹಿ ಹಾಕಿದ ವಾರದಲ್ಲೇ ಒಂದು ಭೇಟಿ ಇಟ್ಟುಕೊಂಡಿದ್ದೇವೆ. ಬರುವಾಗ ನೋಟ್‌ಬುಕ್ ತರಲು ಹೇಳಿದ್ದೇನೆ.