ಸೊಪ್ಪಿನಜ್ಜಿ ಯಾವ ಲೆಕ್ಕಕ್ಕೆ?

ದಾವಣಗೆರೆಯಿಂದ ನಿವೃತ್ತ ಗಣಿತ ಶಿಕ್ಷಕರೊಬ್ಬರು ಬರೆದಿದ್ದಾರೆ: ‘ಕಳೆದ ಸಂಚಿಕೆಯಲ್ಲಿ ನಮ್ಮ ರಸ್ತೆಗಳನ್ನು ಯಮನ ಹೆಬ್ಬಾಗಿಲು ಎಂದು ಜರೆದಿದ್ದೀರಿ. 2022ರಲ್ಲಿ ಭಾರತದಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದವರು 1,68,491 ಮಂದಿ. ಲಕ್ಷ ಜನರಿಗೆ ಸುಮಾರು 12. ಅಮೆರಿಕದಲ್ಲಿ 42,514; ಲಕ್ಷಕ್ಕೆ ಸುಮಾರು 12.8. ಈಗ ಹೇಳಿ, ಯಾರ ರಸ್ತೆ ಕೆಟ್ಟದ್ದು?’

ಮೇಷ್ಟ್ರೇ, ನಿಮ್ಮ ಭಾಗಾಕಾರ ಸರಿಯಾಗಿಯೇ ಇದೆ. ಶ್ರೀಮಂತ ದೇಶಗಳ ತರಗತಿಯಲ್ಲಿ ಅಮೆರಿಕ ಹಿಂದಿನ ಬೆಂಚಿನ ಹುಡುಗ ಎಂಬುದನ್ನೂ ಒಪ್ಪುತ್ತೇನೆ. ಬ್ರಿಟನ್, ಸ್ವೀಡನ್‌ಗಳಲ್ಲಿ ಲಕ್ಷಕ್ಕೆ ಮೂವರೂ ಸಾಯುವುದಿಲ್ಲ. ಆದರೆ ಹಿಂದಿನ ಬೆಂಚಿನವನಿಗಿಂತ ಅರ್ಧ ಅಂಕ ಹೆಚ್ಚು ಬಂತೆಂದು ಕುಣಿದು ಬಂದ ಶಿಷ್ಯನ ಬೆನ್ನು ತಟ್ಟುತ್ತಿದ್ದಿರೇ?

ನೀವೇ ಕಲಿಸಿದ ಅಂಶ, ಛೇದಗಳ ಪಾಠಕ್ಕೆ ಬರೋಣ. ಅಮೆರಿಕದವರು ವರ್ಷಕ್ಕೆ ಸುಮಾರು ಐದು ಲಕ್ಷ ಕೋಟಿ ಕಿಲೋಮೀಟರ್ ವಾಹನ ಓಡಿಸುತ್ತಾರೆ. ಅಷ್ಟೆಲ್ಲ ಓಡಿಸಿ ಅವರು ಮುಟ್ಟಿದ ಸಾವಿನ ಪ್ರಮಾಣವನ್ನು ನಾವು ಹೆಚ್ಚುಪಾಲು ನಡೆದು, ಬಸ್ಸಿನಲ್ಲಿ ಜೋತುಬಿದ್ದು, ಸ್ಕೂಟರಿನಲ್ಲಿ ಮೂವರು ಕುಳಿತೇ ಮುಟ್ಟಿದ್ದೇವೆ! ಹಾಗಾದರೆ ವಾಹನಗಳ ಸಂಖ್ಯೆಯಿಂದ ಭಾಗಿಸೋಣ ಎನ್ನುವವರಿದ್ದಾರೆ. ಅದು ಇನ್ನೂ ನಯವಾದ ಕಣ್ಕಟ್ಟು. ತಲಾ ವಾಹನಗಳು ಹೆಚ್ಚಿದಂತೆ ವಾಹನವೊಂದಕ್ಕೆ ಬೀಳುವ ಸಾವಿನ ಪಾಲು ಇಳಿಯುತ್ತದೆ ಎಂದು ಸ್ಮೀಡ್ ಎಂಬ ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ಇಪ್ಪತ್ತು ದೇಶಗಳ ಲೆಕ್ಕ ಹಿಡಿದು 1949ರಲ್ಲೇ ತೋರಿಸಿದ್ದರು. ಷೋರೂಮಿನವರು ಹೆಚ್ಚು ಬೈಕು ಮಾರಿದರೂ ಸಾಕು, ಕೋಷ್ಟಕದಲ್ಲಿ ರಸ್ತೆ ಸುಧಾರಿಸಿಬಿಡುತ್ತದೆ. ನಮ್ಮಲ್ಲಂತೂ ಎಂದೋ ಗುಜರಿ ಸೇರಿದ ಲೂನಾಗಳೂ ನೋಂದಣಿಯ ಮೊತ್ತದಲ್ಲಿ ಇನ್ನೂ ಜೀವಂತವಾಗಿರುತ್ತವೆ.

ಛೇದದ ಕಥೆ ಹಾಗಿರಲಿ, ಅಂಶವಾದರೂ ಗಟ್ಟಿಯೇ? 2016ರ ಸಾವುಗಳು ನಮ್ಮ ಸರ್ಕಾರದ ಲೆಕ್ಕದಲ್ಲಿ 1.51 ಲಕ್ಷ, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 2.99 ಲಕ್ಷ. ಅಂದಾಜು ಅತಿಯಾಗಿದೆ ಎಂದು ವಾದಿಸಬಹುದು. ನನಗೆ ಮಾತ್ರ ನಮ್ಮ ಬೀದಿಗೆ ಸೊಪ್ಪು ತರುತ್ತಿದ್ದ ಅಜ್ಜಿ ನೆನಪಾಗುತ್ತಾರೆ. ಬೈಕು ಗುದ್ದಿತು, ಆಸ್ಪತ್ರೆಯಲ್ಲಿ ಹಣ ಮುಗಿಯಿತು, ಮನೆಗೆ ಕರೆತಂದರು. ಹತ್ತೊಂಬತ್ತನೆಯ ದಿನ ತೀರಿಕೊಂಡರು. ಅಪಘಾತವಾದ 30 ದಿನಗಳೊಳಗೆ ಸತ್ತರೆ ಅದು ರಸ್ತೆ ಸಾವು ಎಂಬುದು ದೇಶಗಳ ನಡುವಿನ ಹೋಲಿಕೆಗೆ ಬಳಸುವ ನಿಯಮ. ಆದರೆ ಕೋರ್ಟು ಅಲೆಯುವುದು ಯಾರಿಗೆ ಬೇಕೆಂದು ಮನೆಯವರು ಠಾಣೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ. ಬರೆದುಕೊಳ್ಳುವವರಿಲ್ಲದ ಸಾವಿಗೆ ಯಾವ ನಿಯಮ? ಆ ಅಜ್ಜಿ ನಿಮ್ಮ 12ರಲ್ಲೂ ಇಲ್ಲ, ಸ್ಮೀಡ್ ಸೂತ್ರದಲ್ಲೂ ಇಲ್ಲ.

ಪಟ್ಟಿಗಳೆಂದರೆ ನಮಗೀಗ ಜ್ವರ. ಸ್ಥಾನ ಮೇಲೇರಿದರೆ ಫ್ಲೆಕ್ಸ್ ಕಟ್ಟುತ್ತೇವೆ, ಇಳಿದರೆ ವಿದೇಶಿ ಕುತಂತ್ರ ಎನ್ನುತ್ತೇವೆ. ಆ ಫ್ಲೆಕ್ಸ್ ಕಟ್ಟಲು ಗುಂಡಿ ತೋಡುವುದೂ ಪಾದಚಾರಿ ಮಾರ್ಗದಲ್ಲೇ. ಅಲ್ಲಿ ಟ್ರಾನ್ಸ್‌ಫಾರ್ಮರ್, ಜಲ್ಲಿ ರಾಶಿ, ಶಾಸಕರ ಹುಟ್ಟುಹಬ್ಬದ ಕಮಾನು ಎಲ್ಲಕ್ಕೂ ಜಾಗವಿದೆ. 2022ರಲ್ಲಿ ನಮ್ಮ ರಸ್ತೆಗಳಲ್ಲಿ ಸತ್ತ ಪ್ರತಿ ಐವರಲ್ಲಿ ಹೆಚ್ಚುಕಡಿಮೆ ಒಬ್ಬರು ನಡೆದು ಹೋಗುತ್ತಿದ್ದವರು. ಅವರು ಎಷ್ಟು ಕಿಲೋಮೀಟರ್ ನಡೆದರೆಂದು ಅಳೆಯುವ ಮೀಟರು ಯಾವ ಇಲಾಖೆಯಲ್ಲೂ ಇಲ್ಲ.

ಇನ್ನೊಂದು ಮಾತು ಮೇಷ್ಟ್ರೇ. ನಿಮ್ಮ ಪತ್ರದ ತುದಿಯಲ್ಲಿ, ಸಹಿಯ ಕೆಳಗೆ, ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ: ‘ವರ್ತುಲ ರಸ್ತೆ ದಾಟಲು ಧೈರ್ಯ ಸಾಲದೆ ಬೆಳಗಿನ ನಡಿಗೆ ಬಿಟ್ಟು ಎರಡು ವರ್ಷವಾಯಿತು, ಈಗ ತಾರಸಿಯ ಮೇಲೆಯೇ ಸುತ್ತುತ್ತೇನೆ.’ ನೀವು ಮನೆಯಲ್ಲೇ ಉಳಿದದ್ದರಿಂದ ನಿಮ್ಮೂರಿನ ರಸ್ತೆ ಕೋಷ್ಟಕದಲ್ಲಿ ಕೂದಲೆಳೆಯಷ್ಟು ಸುರಕ್ಷಿತವಾಗಿದೆ. ಅದನ್ನೂ ಅಮೆರಿಕದ ಜೊತೆ ಹೋಲಿಸಿ ಕಳುಹಿಸಿ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇನೆ.

— ಸಂಪಾದಕ