ಸಂಪಾದಕರ ಉತ್ತರ: ನಿಮ್ಮ ಮಗನ ಅಂಗಿಯ ವಿಷಯ

ಸುಂಟಿಕೊಪ್ಪದ ಓದುಗರಿಗೆ,

ನಿಮ್ಮ ನಾಲ್ಕು ಪುಟದ ಪತ್ರ ತಲುಪಿತು. ಪೂರ್ತಿ ಅಚ್ಚು ಹಾಕೋಣ ಅಂದ್ರೆ ಹೆಸರು ಬೇಡ ಅಂದಿದ್ದೀರಿ, ಮನೆಯ ವಿಷಯಗಳೂ ಜಾಸ್ತಿ ಇವೆ. ಹಾಗಾಗಿ ಉಳಿದವರಿಗೆ ಗೊತ್ತಾಗಲಿ ಅಂತ ನಾನೇ ಚಿಕ್ಕದಾಗಿ ಹೇಳಿಬಿಡುತ್ತೇನೆ.

ಕಳೆದ ಸಂಚಿಕೆಯಲ್ಲಿ ಬೇರೆ ದೇಶದ ಸರ್ಕಾರಗಳು ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳನ್ನು ಕೊಳ್ಳುವ ಬಗ್ಗೆ ಒಂದು ಲೇಖನ ಹಾಕಿದ್ದೆವು. 2021ರಲ್ಲಿ ಸೌದಿ ಕೈಗೆ ಹೋದ ಇಂಗ್ಲೆಂಡಿನ ಕ್ಲಬ್ ನ್ಯೂಕಾಸಲ್ ಯುನೈಟೆಡ್, 2025ರ ಮಾರ್ಚ್‌ನಲ್ಲಿ ಲಿವರ್‌ಪೂಲನ್ನು 2-1ರಿಂದ ಸೋಲಿಸಿ ಲೀಗ್ ಕಪ್ ಎತ್ತಿತಲ್ಲ, ಆ ಫೋಟೊದ ಕೆಳಗೆ ‘ರಕ್ತ ಮೆತ್ತಿದ ಕಪ್’ ಅಂತ ಅಡಿಬರಹ ಇತ್ತು. ನಿಮ್ಮ ತಮ್ಮ ಹನ್ನೊಂದು ವರ್ಷದಿಂದ ರಿಯಾದ್‌ನಲ್ಲಿ ಲಾರಿ ಓಡಿಸುತ್ತಾರೆ. ಮನೆಗೆ ಹೊಸ ಹೆಂಚು ಹೊದಿಸಿದ್ದು, ತಂಗಿಯ ಮದುವೆ, ಮಗನ ಸ್ಕೂಲ್ ಫೀಸು, ಎಲ್ಲ ಅದೇ ದುಡ್ಡು. ಕಳೆದ ಸಲ ಬಂದಾಗ ಮಗನಿಗೆ ನ್ಯೂಕಾಸಲ್ ಅಂಗಿ ತಂದುಕೊಟ್ಟರು. ಹುಡುಗ ಅದನ್ನು ಹಾಕಿಕೊಂಡೇ ನಮ್ಮ ಲೇಖನ ಓದಿದ. ಆಮೇಲೆ ಏನೂ ಮಾತಾಡದೆ ಬಿಚ್ಚಿ, ಮಡಚಿ ಬೀರುವಿನಲ್ಲಿಟ್ಟ. ‘ಆ ದುಡ್ಡು ಕೊಳಕಾದರೆ ನಾವು ಉಣ್ಣುವ ಅನ್ನವೂ ಕೊಳಕಾ? ಕೊಡಗನ್ನೇ ನುಂಗಿದ ಇಂಗ್ಲಿಷರ ದುಡ್ಡು ಮಾತ್ರ ಚೊಕ್ಕವಾ?’ ಅಂತ ಕೇಳಿದ್ದೀರಿ.

ಮೊದಲು ಅಡಿಬರಹದ ವಿಷಯ. ಅದನ್ನು ಬರೆದದ್ದು ನಾನೇ, ಲೇಖಕರಲ್ಲ. ರಾತ್ರಿ ಹತ್ತೂವರೆಗೆ ಪುಟ ಕಟ್ಟುವಾಗ ಮೂರು ಪದದ ಜಾಗ ಖಾಲಿ ಇತ್ತು. ಚುರುಕಾಗಿರಲಿ ಅಂತ ಗೀಚಿದೆ. ತಪ್ಪಾಯಿತು. ಎಪ್ಪತ್ತು ವರ್ಷ ಕಾದು, ದೇಶದೊಳಗಿನ ಒಂದು ದೊಡ್ಡ ಕಪ್ ಕಂಡ ಊರಿನ ಜನರ ಮುಖಕ್ಕೆ ಬಳಿಯುವ ಮಾತಲ್ಲ ಅದು. ಆ ಫೋಟೊದಲ್ಲಿ ಅಳುತ್ತಿದ್ದ ಅಜ್ಜ ಯಾರನ್ನೂ ಕೊಂದಿಲ್ಲ.

ಇನ್ನು ಇಂಗ್ಲಿಷರ ದುಡ್ಡು. ಇದರಲ್ಲಿ ನಿಮ್ಮ ಜೊತೆ ನನಗೆ ಜಗಳವೇ ಇಲ್ಲ. 1834ರಲ್ಲಿ ಚಿಕ್ಕವೀರರಾಜನನ್ನು ಇಳಿಸಿ ಕಂಪನಿ ಕೊಡಗನ್ನು ಕಿಸೆಗೆ ಹಾಕಿಕೊಂಡಿತು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಮಡಿಕೇರಿ ಸುತ್ತ ಬಿಳಿ ದೊರೆಗಳ ಕಾಫಿ ತೋಟ ಎದ್ದವು. ಅವರ ಮೊಮ್ಮಕ್ಕಳು ಇವತ್ತು ಅರಬರಿಗೆ ನೀತಿ ಪಾಠ ಹೇಳಿದರೆ ನಮಗೆ ನಗು ಬರುವುದು ಸಹಜ. ಕ್ಲಬ್‌ಗಳ ಖಾಸಗಿ ಮಾಲೀಕರೂ ಸಾಚಾ ಏನಲ್ಲ. ಅಮೆರಿಕದ ಗ್ಲೇಜರ್ ಕುಟುಂಬ 2005ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕೊಂಡಿತು. ಕೊಳ್ಳಲು ಮಾಡಿದ ಸಾಲವನ್ನು ಕ್ಲಬ್ಬಿನ ತಲೆಗೇ ಕಟ್ಟಿತು. ನ್ಯೂಕಾಸಲ್‌ನ ಹಳೆಯ ಮಾಲೀಕ ಮೈಕ್ ಆಶ್ಲಿ ಕಾಲದಲ್ಲಿ, ಅಂದರೆ 2007ರಿಂದ 2021ರವರೆಗೆ, ತಂಡ ಎರಡು ಸಲ ಕೆಳಗಿನ ದರ್ಜೆಗೆ ಬಿತ್ತು. ನೂರು ವರ್ಷ ದಾಟಿದ ಸೇಂಟ್ ಜೇಮ್ಸ್ ಪಾರ್ಕ್ ಮೈದಾನಕ್ಕೆ ಒಮ್ಮೆ ಅವರ ಅಂಗಡಿಯ ಹೆಸರನ್ನೇ ಇಟ್ಟಿದ್ದರು. ಇಂಥವರಿಂದ ಬಿಡುಗಡೆ ಸಿಗುತ್ತದೆ ಅಂದಾಗ ಅಭಿಮಾನಿಗಳ ಟ್ರಸ್ಟ್ ಮತ ಕೇಳಿತು. ನೂರಕ್ಕೆ 96ಕ್ಕೂ ಜಾಸ್ತಿ ಜನ ಸೌದಿ ಖರೀದಿಗೆ ಸೈ ಅಂದರು. ನಾನು ಅಲ್ಲಿದ್ದರೆ ನಾನೂ ಕೈ ಎತ್ತುತ್ತಿದ್ದೆನೋ ಏನೋ.

ಹಾಗಾದರೆ ಗಲಾಟೆ ಯಾಕೆ ಅಂತೀರಾ? ನಿಮ್ಮ ತಮ್ಮನ ದುಡ್ಡಿನಿಂದಲೇ ಶುರು ಮಾಡೋಣ. ಅವರು ಲಾರಿ ಓಡಿಸುತ್ತಾರೆ, ಸಂಬಳ ತರುತ್ತಾರೆ. ಕೆಲಸಕ್ಕೆ ಕೂಲಿ, ಲೆಕ್ಕ ಚುಕ್ತಾ. ಆ ಸಂಬಳದ ಜೊತೆ ಪ್ರೀತಿಯನ್ನೂ ಕೊಡಿ ಅಂತ ಯಾರೂ ಅವರನ್ನು ಕೇಳಿಲ್ಲ. ಫುಟ್‌ಬಾಲ್ ಕ್ಲಬ್‌ನಲ್ಲಿ ಮಾರಾಟಕ್ಕಿರುವ ಮುಖ್ಯ ಸರಕೇ ಆ ಪ್ರೀತಿ. ಹುಲ್ಲು, ಕುರ್ಚಿ, ಆಟಗಾರರನ್ನು ಎಲ್ಲಿ ಬೇಕಾದರೂ ಕೊಳ್ಳಬಹುದು. ಅಪ್ಪ ಮಗನಿಗೆ ದಾಟಿಸಿದ ಅಭಿಮಾನವನ್ನು ಹೊಸದಾಗಿ ಮಾಡಲು ಆಗುವುದಿಲ್ಲ, ಅದು ಇರುವ ಕಡೆಯೇ ಹೋಗಿ ಕೊಳ್ಳಬೇಕು.

ನ್ಯೂಕಾಸಲ್ ಹೇಗೆ ಕೈ ಬದಲಾಯಿತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಲೇಖನದಲ್ಲಿ ಅದು ಎರಡೇ ಸಾಲಿನಲ್ಲಿ ಮುಗಿದಿತ್ತು. ಕೊಂಡದ್ದು ಸೌದಿಯ ಸಾರ್ವಜನಿಕ ಹೂಡಿಕೆ ನಿಧಿ ಮತ್ತು ಜೊತೆಗಾರರು. ಆಗ ನಿಧಿಗೆ ನೂರಕ್ಕೆ 80 ಪಾಲು. ನಿಧಿಯ ಅಧ್ಯಕ್ಷರು ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್. 2018ರ ಅಕ್ಟೋಬರ್ 2ರಂದು ಪತ್ರಕರ್ತ ಜಮಾಲ್ ಖಶೋಗಿ ಮದುವೆಯ ಕಾಗದಪತ್ರಕ್ಕೆ ಅಂತ ಇಸ್ತಾಂಬುಲ್‌ನ ಸೌದಿ ಕಾನ್ಸುಲೇಟ್ ಒಳಗೆ ಹೋದವರು ಹೊರಗೆ ಬರಲೇ ಇಲ್ಲ, ಸೌದಿಯವರೇ ಅವರನ್ನು ಒಳಗೆ ಕೊಂದಿದ್ದರು. ಬಾಗಿಲಲ್ಲಿ ಕಾಯುತ್ತಿದ್ದ, ಅವರನ್ನು ಮದುವೆಯಾಗಬೇಕಿದ್ದ ಹೆಣ್ಣುಮಗಳು, ಮುಂದೆ ಇಂಗ್ಲೆಂಡಿನ ಮೇಲ್ದರ್ಜೆಯ ಫುಟ್‌ಬಾಲ್ ನಡೆಸುವ ಪ್ರೀಮಿಯರ್ ಲೀಗಿಗೆ ‘ಈ ಮಾರಾಟಕ್ಕೆ ಒಪ್ಪಬೇಡಿ’ ಅಂತ ಬೇಡಿಕೊಂಡರು. ಖರೀದಿ ಒಂದೂವರೆ ವರ್ಷ ತಡವಾಯಿತು, ನಿಜ. ಆದರೆ ದೊಡ್ಡ ಅಡ್ಡಿ ಏನು ಗೊತ್ತಾ? ಟಿವಿ. ಅರಬ್ ದೇಶಗಳಲ್ಲಿ ಲೀಗ್ ಪಂದ್ಯಗಳ ಪ್ರಸಾರದ ಹಕ್ಕು ಕತಾರ್‌ನ ಬಿಇನ್ ವಾಹಿನಿಯ ಬಳಿ ಇತ್ತು. ಸೌದಿ ಅದನ್ನು ನಿಷೇಧಿಸಿತ್ತು, ಅಲ್ಲಿ ಕದ್ದ ಪ್ರಸಾರ ಜೋರಾಗಿ ನಡೆಯುತ್ತಿತ್ತು. 2021ರ ಅಕ್ಟೋಬರ್ 6ಕ್ಕೆ ನಿಷೇಧ ತೆಗೆಯುವ ಸುದ್ದಿ ಬಂತು. 7ಕ್ಕೆ ಕ್ಲಬ್ ಸೌದಿ ಕೈಗೆ ಹೋಯಿತು. ಪತ್ರಕರ್ತನ ಜೀವಕ್ಕಿಂತ ಕೇಬಲ್ ಕನೆಕ್ಷನ್ ತೂಕ ಜಾಸ್ತಿ ಬಂತು. ಪತ್ರಿಕೆ ನಡೆಸುವವನಾಗಿ ನನಗೆ ಇದು ಇನ್ನೂ ನುಂಗಲಾಗದ ತುತ್ತು.

ಆಗ ಲೀಗ್ ಹೇಳಿದ್ದು: ಕ್ಲಬ್ ಸೌದಿ ಸರ್ಕಾರದ ಹಿಡಿತದಲ್ಲಿ ಇರುವುದಿಲ್ಲ, ಕಾನೂನುಬದ್ಧ ಭರವಸೆ ಸಿಕ್ಕಿದೆ. ಸರಿ. 2023ರಲ್ಲಿ ಅಮೆರಿಕದ ಕೋರ್ಟಿನಲ್ಲಿ ಈ ನಿಧಿ ದುಡ್ಡು ಹಾಕಿದ ಗಾಲ್ಫ್ ಲೀಗಿನ ಕೇಸೊಂದು ನಡೆಯಿತು. ಸಾಕ್ಷಿ ಹೇಳಲು ಬನ್ನಿ ಅಂದಾಗ ಅದೇ ನಿಧಿಯ ವಕೀಲರು ತಿರುಗಿ ಹೇಳಿದರು: ನಿಧಿ ಅಂದರೆ ಸೌದಿ ರಾಷ್ಟ್ರದ್ದೇ ಅಂಗ, ಅದರ ಗವರ್ನರ್ ಅಧಿಕಾರದಲ್ಲಿರುವ ಸಚಿವರು, ಅವರನ್ನು ಹೀಗೆ ಕರೆಸುವ ಹಾಗಿಲ್ಲ. ಆ ಗವರ್ನರ್ ಬೇರೆ ಯಾರೂ ಅಲ್ಲ, ನ್ಯೂಕಾಸಲ್ ಕ್ಲಬ್ಬಿನ ಅಧ್ಯಕ್ಷರು! ಕ್ಲಬ್ ಕೊಳ್ಳುವಾಗ ಸರ್ಕಾರ ಅಲ್ಲ, ಕೋರ್ಟಿಗೆ ಕರೆದಾಗ ಸರ್ಕಾರ.

2022ರ ಮಾರ್ಚ್ 12ಕ್ಕೆ ಸೌದಿಯಲ್ಲಿ ಒಂದೇ ದಿನ 81 ಜನರಿಗೆ ಮರಣದಂಡನೆ ಆಯಿತು. ಮರುದಿನ ನ್ಯೂಕಾಸಲ್‌ಗೆ ಚೆಲ್ಸಿ ಜೊತೆ ಪಂದ್ಯ. ಚೆಲ್ಸಿಯ ಆಗಿನ ಮಾಲೀಕ, ರಷ್ಯದ ಅಬ್ರಮೊವಿಚ್ ಮೇಲೆ ಯುಕ್ರೇನ್ ಯುದ್ಧದ ಕಾರಣಕ್ಕೆ ಬ್ರಿಟಿಷ್ ಸರ್ಕಾರ ನಿರ್ಬಂಧ ಹೇರಿ ಮೂರೇ ದಿನ ಆಗಿತ್ತು. ಈ ಪಂದ್ಯಕ್ಕೆ ಸುಮಾರು ಒಂದು ವಾರ ಮೊದಲು, ಯುಕ್ರೇನ್‌ಗಾಗಿ ಇಡೀ ಮೈದಾನ ಚಪ್ಪಾಳೆ ತಟ್ಟುತ್ತಿದ್ದಾಗ ಕೆಲವು ಚೆಲ್ಸಿ ಅಭಿಮಾನಿಗಳು ಅಬ್ರಮೊವಿಚ್ ಹೆಸರು ಕೂಗಿದ್ದರು. ಆ ಭಾನುವಾರ ನ್ಯೂಕಾಸಲ್ 1-0ರಿಂದ ಸೋತಿತು. ಕೋಚ್ ಎಡ್ಡಿ ಹೌ ಅವರನ್ನು ಪತ್ರಕರ್ತರು 81 ಜನರ ಬಗ್ಗೆ ಕೇಳಿದರು. ಫುಟ್‌ಬಾಲ್ ಬಗ್ಗೆ ಮಾತ್ರ ಮಾತಾಡುತ್ತೇನೆ ಅಂದರು ಅವರು. ಪಾಪ, ಅವರು ಕೋಚ್, ಇನ್ನೇನು ಹೇಳಬೇಕಿತ್ತು? ಚೆಂಡು ಒದೆಯುವುದು ಹೇಗೆ ಅಂತ ಹೇಳಿಕೊಡುವವರ ಬಾಯಿಗೆ ಅಂಥ ಪ್ರಶ್ನೆ ಬಂದು ಬೀಳುವುದಿದೆಯಲ್ಲ, ನನ್ನ ತಕರಾರು ಅದು. ಮಾಲೀಕ ರಿಯಾದ್‌ನಲ್ಲಿರುತ್ತಾನೆ. ಉತ್ತರ ಕೊಡಬೇಕಾದವರು ಕೋಚ್, ಆಟಗಾರ, ಗ್ಯಾಲರಿಯ ಅಜ್ಜ. ಈಗ ನೋಡಿ, ಸುಂಟಿಕೊಪ್ಪದ ಹುಡುಗ.

ನೀವು ಇನ್ನೊಂದು ಮಾತು ಕೇಳಿದ್ದೀರಿ: ನಮ್ಮಲ್ಲೂ ಸರ್ಕಾರಿ ತಂಡ ಇರಲಿಲ್ವಾ? ಇತ್ತು. ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳಾದ ಐಟಿಐ (ಟೆಲಿಫೋನ್), ಎಚ್ಎಎಲ್ (ವಿಮಾನ) ತಂಡಗಳ ಆಟ ನೋಡಿಯೇ ನನ್ನ ತಲೆಮಾರು ಬೆಳೆದದ್ದು. ಆದರೆ ಅದು ನಮ್ಮದೇ ಸರ್ಕಾರ. ಸರಿ ಕಾಣದಿದ್ದರೆ ಬೈಯಬಹುದು, ಮತ ಹಾಕಿ ಇಳಿಸಬಹುದು. ನ್ಯೂಕಾಸಲ್‌ನವರಿಗೆ ರಿಯಾದ್‌ನಲ್ಲಿ ಓಟು ಇಲ್ಲ. ರಿಯಾದ್‌ನವರಿಗೇ ಇಲ್ಲ ಬಿಡಿ. ಮ್ಯಾಂಚೆಸ್ಟರ್ ಸಿಟಿಯನ್ನು 2008ರಲ್ಲಿ ಕೊಂಡ ಶೇಖ್ ಮನ್ಸೂರ್ ಇವತ್ತು ಯುಎಇಯ ಉಪಾಧ್ಯಕ್ಷ, ಅವರಣ್ಣ ಅಧ್ಯಕ್ಷ. ಕ್ಲಬ್ ಅವರ ಸ್ವಂತದ್ದು, ದೇಶದ್ದಲ್ಲ ಅನ್ನುವುದು ಕ್ಲಬ್ಬಿನ ವಾದ. ಅದೇ ದೇಶದಲ್ಲಿ ಅಹ್ಮದ್ ಮನ್ಸೂರ್ ಅನ್ನುವ ಇನ್ನೊಬ್ಬರಿದ್ದಾರೆ, ಮಾನವ ಹಕ್ಕುಗಳ ಹೋರಾಟಗಾರ. 2017ರಲ್ಲಿ ಅವರನ್ನು ಹಿಡಿದರು. ಸೋಶಿಯಲ್ ಮೀಡಿಯಾದಲ್ಲಿ ಬರೆದು ದೇಶದ ಮಾನ ಕಳೆದರು ಅಂತ ಮರುವರ್ಷ ಹತ್ತು ವರ್ಷ ಜೈಲು ಹಾಕಿದರು. ಗ್ಯಾಲರಿಯಲ್ಲಿ ಹಾಡು ಕಟ್ಟಿ ಕೂಗುವುದು ಯಾವ ಮನ್ಸೂರ್ ಹೆಸರು ಅಂತ ಹೇಳಬೇಕಾಗಿಲ್ಲ. ಆ ಕ್ಲಬ್ ಮೇಲೆ ಹಣಕಾಸಿನ ನಿಯಮ ಮುರಿದ 100ಕ್ಕೂ ಹೆಚ್ಚು ಆರೋಪಗಳನ್ನು ಲೀಗ್ 2023ರಲ್ಲಿ ಹೊರಿಸಿತು, ಕ್ಲಬ್ ಎಲ್ಲವನ್ನೂ ಅಲ್ಲಗಳೆದಿದೆ. ನನಗೆ ಅದು ಎರಡನೇ ಮಾತು.

ನಮ್ಮದೇ ಒಂದು ಕಥೆ ಹೇಳುತ್ತೇನೆ, ಸ್ವಲ್ಪ ನಾಚಿಕೆಯದು. ಕೆಲವು ವರ್ಷಗಳ ಹಿಂದೆ ನಮ್ಮ ಕ್ರೀಡಾ ವಿಶೇಷಾಂಕದ ಹಿಂಬದಿ ಪುಟಕ್ಕೆ ಒಂದು ರೆಸಾರ್ಟ್ ಜಾಹೀರಾತು ಕೊಟ್ಟಿತು. ಒಳ್ಳೇ ದುಡ್ಡು, ಮುಂಗಡವಾಗಿಯೇ ಬಂತು. ಎರಡು ತಿಂಗಳಿಗೆ ನಮ್ಮ ವರದಿಗಾರ ಒಂದು ಫೋಟೊ ತಂದ. ಗದ್ದೆಗೆ ಕೆಂಪು ಮಣ್ಣು ಸುರಿಯುತ್ತಿರುವ ಟಿಪ್ಪರ್, ಪಕ್ಕದಲ್ಲಿ ಜೆಸಿಬಿ, ಹಿಂದೆ ಅದೇ ರೆಸಾರ್ಟಿನ ಗೇಟು. ಯಾರೂ ನನಗೆ ಫೋನ್ ಮಾಡಲಿಲ್ಲ. ಯಾರೂ ಬೆದರಿಸಲಿಲ್ಲ. ಆದರೂ ನನ್ನ ಕೈ ಆ ಫೋಟೊವನ್ನು ಗೇಟು ಕಾಣದ ಹಾಗೆ ಕತ್ತರಿಸಿ, ಒಳಪುಟದ ಮೂಲೆಗೆ ಹಾಕಿತು. ವರದಿಗಾರ ನನ್ನ ಮುಖ ನೋಡಿದ, ಸುಮ್ನೆ ಹೋದ. ಈಗ ಅವನು ನಮ್ಮಲ್ಲಿಲ್ಲ. ಒಂದು ಪುಟದ ಜಾಹೀರಾತಿಗೆ ನನಗೆ ಹೀಗಾಯಿತು. ಇಡೀ ಊರಿನ ಸಂತೋಷವನ್ನೇ ಕೊಟ್ಟವರ ಬಗ್ಗೆ ಆ ಊರಿನವರು ಬಾಯಿ ಬಿಡುವುದು ಎಷ್ಟು ಕಷ್ಟ ಅಂತ ಅಂದಾಜು ಮಾಡಿ.

ಬ್ರಿಟಿಷರಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಅಬುಧಾಬಿಯ ದುಡ್ಡು ಟೆಲಿಗ್ರಾಫ್ ಪತ್ರಿಕೆ ಕೊಳ್ಳಲು ಬಂದಾಗ, 2024ರಲ್ಲಿ ಗಡಿಬಿಡಿಯಿಂದ ಕಾನೂನು ತಂದು ವಿದೇಶಿ ಸರ್ಕಾರಗಳು ಪತ್ರಿಕೆಯ ಒಡೆಯರಾಗುವುದನ್ನು ತಡೆದರು. ಆಮೇಲೆ ಸಡಿಲ ಮಾಡಿದರೂ ನೂರಕ್ಕೆ 15 ಪಾಲು ಮೀರುವ ಹಾಗಿಲ್ಲ. ಕ್ಲಬ್‌ಗೆ ಮಾತ್ರ 80 ಆದರೂ ಓಕೆ! ಜರ್ಮನಿಯವರು ಇನ್ನೂ ಜಾಣರು. ಅಲ್ಲಿ ಒಂದೆರಡು ಕ್ಲಬ್ ಬಿಟ್ಟರೆ ಅರ್ಧಕ್ಕಿಂತ ಜಾಸ್ತಿ ಮತ ಸದಸ್ಯರ ಕೈಯಲ್ಲೇ ಇರಬೇಕು.

ಯುರೋಪು ದೂರ ಅನ್ನಿಸಿದರೆ ಕೊಡವ ಕುಟುಂಬಗಳು ತಂಡ ಕಟ್ಟಿ ಆಡುವ ನಮ್ಮ ಹಾಕಿ ಹಬ್ಬ ನೆನೆಸಿಕೊಳ್ಳಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳನ್ನು ಸೇರಿಸಿ ಶುರು ಮಾಡಿದ್ದು, 2025ರಲ್ಲಿ ಮುದ್ದಂಡ ಕುಟುಂಬ ಮಡಿಕೇರಿಯಲ್ಲಿ ನಡೆಸುವಾಗ 396 ತಂಡ. ಪ್ರತಿ ವರ್ಷ ಒಂದೊಂದು ಒಕ್ಕದ, ಅಂದರೆ ಮನೆತನದ, ಹೆಗಲಿಗೆ. ಖರ್ಚು ಹೊಂದಿಸುವುದರಲ್ಲಿ ಜನ ಹೈರಾಣಾಗುತ್ತಾರೆ, ನಾನೂ ಕಣ್ಣಾರೆ ನೋಡಿದ್ದೇನೆ. ನಾಳೆ ಯಾವುದೋ ದೇಶದ ನಿಧಿ ಬಂದು ‘ಇನ್ನು ಇಪ್ಪತ್ತು ವರ್ಷದ ಖರ್ಚು ನಮ್ಮದು, ಹಬ್ಬ ನಮ್ಮ ಹೆಸರಲ್ಲಿರಲಿ’ ಅಂದರೆ? ಮೊದಲ ವರ್ಷ ಹುಲ್ಲಿನ ಹಾಸು ಬರುತ್ತದೆ, ಗ್ಯಾಲರಿ ಬರುತ್ತದೆ. ಚೆನ್ನಾಗಿಯೇ ಇರುತ್ತದೆ. ಬೇಡ ಅಂದವರನ್ನು ನಾವೇ ಹುಚ್ಚರು ಅಂತೀವಿ.

ಈಗ ಅಂಗಿ. ಅದು ಯಾವ ಬಣ್ಣದ್ದು ಅಂತ ನೀವು ಬರೆದಿಲ್ಲ. ಯಾಕೆ ಕೇಳುತ್ತಿದ್ದೇನೆ ಅಂದರೆ, ನ್ಯೂಕಾಸಲ್ ಅಂಗಿ 1894ರಿಂದ ಕಪ್ಪು-ಬಿಳಿ ಪಟ್ಟೆ. ಸೌದಿಯವರು ಕೊಂಡ ಮರುವರ್ಷವೇ ಬಿಳಿ ಮೇಲೆ ಹಸಿರಿನ ಇನ್ನೊಂದು ಅಂಗಿ ಬಂತು, ಸೌದಿ ರಾಷ್ಟ್ರೀಯ ತಂಡದ್ದೇ ತದ್ರೂಪು. ತಮ್ಮ ತಂದದ್ದು ಪಟ್ಟೆಯದಾದರೆ ಇವತ್ತೇ ಬೀರುವಿನಿಂದ ತೆಗೆಸಿ. ಅದು ಗಣಿ ಕಾರ್ಮಿಕರ, ಹಡಗು ಕಟ್ಟುವವರ ಅಂಗಿ, ಯಾವ ಯುವರಾಜನೂ ಹುಟ್ಟುವ ಮೊದಲಿನದು. ಬಿಳಿ-ಹಸಿರಾದರೆ ಹುಡುಗನಿಗೆ ಈ ಪತ್ರ ಓದಲು ಕೊಡಿ, ಹಾಕಿಕೊಳ್ಳಲಿ ಬಿಡಲಿ, ಅವನಿಷ್ಟ. ಚಿಕ್ಕಪ್ಪ ದುಡಿದು ತಂದದ್ದು ಅನ್ನುವುದು ಎರಡರಲ್ಲೂ ನಿಜವೇ. ಯಾವ ಬಣ್ಣ ಅಂತ ಒಂದು ಸಾಲು ಬರೆದು ಹಾಕಿ. ಅವನ ಕೈಯಲ್ಲೇ ಬರೆಸಿದರೆ ಇನ್ನೂ ಒಳ್ಳೆಯದು, ನನ್ನನ್ನು ಬೈಯುವುದಿದ್ದರೂ ಸರಿ.

– ಸಂಪಾದಕ